ಟೀ ಮೇಲಿನ ಮೊದಲ ಹೊಡೆತ: ಗಾಲ್ಫ್ ಡ್ರೈವರ್ ಬೆಳೆದ ಬಗೆ

ಗಾಲ್ಫ್ ಆಟಗಾರನ ಚೀಲದಲ್ಲಿ ಹೆಚ್ಚೆಂದರೆ 14 ಕ್ಲಬ್‌ಗಳಿರಬಹುದು. ಅವುಗಳಲ್ಲಿ ಅತಿ ಉದ್ದನೆಯದು, ಅತಿ ದೊಡ್ಡ ತಲೆಯದು ಡ್ರೈವರ್. ಬಹುತೇಕ ಗುಳಿಗಳಲ್ಲಿ ಆಟ ಶುರುವಾಗುವುದು ಅದರಿಂದಲೇ. ಸುಮಾರು 200 ಗ್ರಾಂ ತೂಕದ ತಲೆ 46 ಗ್ರಾಂಗಿಂತ ಕಡಿಮೆ ತೂಕದ ಚೆಂಡಿಗೆ ತಾಗಿಕೊಂಡಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ. ಚೆಂಡು ಎಷ್ಟು ದೂರ ಹೋಗಬೇಕು, ಎತ್ತ ಹೋಗಬೇಕು ಎರಡೂ ಅಷ್ಟರೊಳಗೆ ತೀರ್ಮಾನವಾಗುತ್ತವೆ. ಈ ಎರಡಕ್ಕೂ ಹೊಂದಾಣಿಕೆ ಕಡಿಮೆ. ಗುರಿಯಿಂದ ನಾಲ್ಕು ಡಿಗ್ರಿ ತಪ್ಪಿ ಹೊರಟ ಚೆಂಡು 200 ಗಜದ ಹೊಡೆತದಲ್ಲಿ 14 ಗಜ ಪಕ್ಕಕ್ಕೆ ಬಿದ್ದರೆ, 300 ಗಜದ ಹೊಡೆತದಲ್ಲಿ 21 ಗಜ ಪಕ್ಕಕ್ಕೆ ಬೀಳುತ್ತದೆ. ಮೊದಲನೆಯದು ಬಹುಶಃ ಹುಲ್ಲು ಕತ್ತರಿಸಿದ ಹಾದಿಯ, ಅಂದರೆ ಫೇರ್‌ವೇಯ, ಅಂಚಿನಲ್ಲಿ ನಿಂತೀತು, ಎರಡನೆಯದು ಎತ್ತರದ ಹುಲ್ಲಿಗೆ ಸೇರುತ್ತದೆ. ಡ್ರೈವರ್ ತಯಾರಕರು ಒಂದೂವರೆ ಶತಮಾನದಿಂದ ಗುದ್ದಾಡುತ್ತಿರುವುದು ಈ ಲೆಕ್ಕದೊಂದಿಗೇ.

ಸ್ಕಾಟ್ಲೆಂಡಿನ ಹಳೆಯ ಆಟಗಾರರ ಕೈಯಲ್ಲಿದ್ದದ್ದು ಉದ್ದ ಮೂಗಿನ ಮರದ ಕ್ಲಬ್. ಸೇಂಟ್ ಆಂಡ್ರ್ಯೂಸ್‌ನ ಹ್ಯೂ ಫಿಲ್ಪ್‌ನಂಥ ಕುಶಲಕರ್ಮಿಗಳು ಬೀಚ್, ಸೇಬು, ಪೇರು ಮರಗಳನ್ನು ಕೆತ್ತಿ ಸಪೂರವಾದ ತಲೆ ಮಾಡುತ್ತಿದ್ದರು. ಅದನ್ನು ದಂಡದ ತುದಿಗೆ ಓರೆಯಾಗಿ ಸೇರಿಸಿ ಅಂಟು ಹಾಕಿ ಮೇಲೆ ದಾರ ಸುತ್ತುತ್ತಿದ್ದರು. ಚರ್ಮದೊಳಗೆ ಹಕ್ಕಿಪುಕ್ಕ ತುರುಕಿ ಹೊಲಿದ ಆ ಕಾಲದ ಚೆಂಡಿಗೆ ಈ ನಾಜೂಕು ತಲೆ ಸಾಕಾಗಿತ್ತು. 1848ರ ಸುಮಾರಿಗೆ ಗಟ್ಟಾಪರ್ಚಾ ಎಂಬ ಗಟ್ಟಿ ಮರದಂಟಿನ ಚೆಂಡು ಬಂದಾಗ ಹಳೆಯ ಕ್ಲಬ್‌ಗಳು ಬಿರಿಯತೊಡಗಿದವು. ತಲೆ ಮೋಟಾಯಿತು, ದಪ್ಪಗಾಯಿತು. ಪೆಟ್ಟು ತಾಳಲೆಂದು ಮುಖಕ್ಕೆ ಚರ್ಮದ ತುಂಡು ಕೂರಿಸುವ ರೂಢಿಯೂ ಬಂತು. ಚೆಂಡು ಬದಲಾದಾಗ ಡ್ರೈವರೂ ಬದಲಾಗಬೇಕಾದದ್ದು ಅದೇ ಕೊನೆಯ ಸಲವಲ್ಲ.

1880ರ ದಶಕದಲ್ಲಿ ಬಂದ 'ಬಲ್ಜರ್' ನೋಡಲು ಸಣ್ಣ ಬದಲಾವಣೆ, ಪರಿಣಾಮದಲ್ಲಿ ದೊಡ್ಡದು. ಅದುವರೆಗೆ ಚಪ್ಪಟೆಯಾಗಿದ್ದ ಮುಖವನ್ನು ಅಡ್ಡಡ್ಡಲಾಗಿ ತುಸು ಉಬ್ಬಿಸಿದ ಕ್ಲಬ್ ಅದು. ಓಪನ್ ಚಾಂಪಿಯನ್‌ಶಿಪ್ ಎರಡು ಸಲ ಗೆದ್ದ ವಿಲ್ಲಿ ಪಾರ್ಕ್ ಜೂನಿಯರ್ ಮತ್ತು ಹೆನ್ರಿ ಲ್ಯಾಂಬ್ ಇಬ್ಬರೂ ಇದು ತಮ್ಮದೇ ಎಂದರು. ಉಬ್ಬು ಏಕೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಲಗೈ ಆಟಗಾರನ ಹೊಡೆತ ಮುಖದ ನಡುವೆ ಬೀಳದೆ ಟೋ ಕಡೆಗೆ, ಅಂದರೆ ಹೊರತುದಿಗೆ, ಬಿತ್ತೆನ್ನಿ. ಪೆಟ್ಟಿಗೆ ತಲೆ ಬಲಕ್ಕೆ ತಿರುಚಿಕೊಳ್ಳುತ್ತದೆ. ಚೆಂಡು ಮತ್ತು ಮುಖ ಆ ಕ್ಷಣದಲ್ಲಿ ಒಂದಕ್ಕೊಂದು ಕಚ್ಚಿಕೊಂಡ ಹಲ್ಲುಚಕ್ರಗಳಂತೆ ಇರುವುದರಿಂದ ತಲೆ ಒಂದು ಕಡೆ ತಿರುಗಿದರೆ ಚೆಂಡು ಇನ್ನೊಂದು ಕಡೆ ಸುತ್ತುತ್ತದೆ, ಹಾರುತ್ತ ಎಡಕ್ಕೆ ಬಾಗುತ್ತದೆ. ಮುಖ ಚಪ್ಪಟೆಯಾಗಿದ್ದರೆ ಚೆಂಡು ಎಡಗಡೆಯ ಪೊದೆ ಸೇರುವುದು ಖಂಡಿತ. ಮುಖ ಉಬ್ಬಿದ್ದರೆ ಟೋ ಭಾಗ ಮೊದಲೇ ಬಲಕ್ಕೆ ನೋಡುತ್ತಿರುತ್ತದೆ. ಚೆಂಡು ಬಲಕ್ಕೆ ಹೊರಟು, ಬಾಗಿ, ನಡುವಿಗೆ ಮರಳುತ್ತದೆ. ಹೀಲ್ ಕಡೆಯ, ಅಂದರೆ ಒಳತುದಿಯ, ಹೊಡೆತದಲ್ಲಿ ಇದೆಲ್ಲ ತಿರುಗುಮುರುಗು. ಭಾರ ಮುಖದಿಂದ ಹಿಂದಕ್ಕೆ ಇರುವ ದಪ್ಪ ತಲೆಯಲ್ಲಿ ಮಾತ್ರ ಈ ಗುಣ ಎದ್ದು ಕಾಣುತ್ತದೆ. ತೆಳ್ಳಗಿನ ಐರನ್ ಕ್ಲಬ್‌ಗಳ ಮುಖ ಇಂದಿಗೂ ಚಪ್ಪಟೆಯಾಗಿರುವುದು ಅದಕ್ಕೇ. ತಪ್ಪಿದ ಹೊಡೆತವನ್ನು ದಾರಿಗೆ ತರುವ ಉಪಾಯಗಳಲ್ಲಿ ಬಲ್ಜರ್‌ನದು ಎಲ್ಲಕ್ಕಿಂತ ಅಗ್ಗದ್ದು, ಬಹುಶಃ ಎಲ್ಲಕ್ಕಿಂತ ಜಾಣತನದ್ದೂ ಹೌದು.

19ನೇ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಪರ್ಸಿಮನ್ ಮರ ಡ್ರೈವರ್‌ಗೆ ಖಾಯಂ ಆಯಿತು. ಎಬೊನಿಯ ಕುಲಕ್ಕೆ ಸೇರಿದ ಗಟ್ಟಿ ಮರ ಅದು. ಕರ್ನಾಟಕದ ಕಾಡುಗಳ ಬೀಡಿ ಎಲೆಯ ಮರವೂ ಅದೇ ಕುಲದ್ದು. ಚೆಂಡು ಕೂರಿಸುವ ಪುಟ್ಟ ಗೂಟ, ಅಂದರೆ ಟೀ, ಬಂದದ್ದೂ ಹೆಚ್ಚುಕಡಿಮೆ ಆಗಲೇ. ಅದಕ್ಕೂ ಮೊದಲು ಒದ್ದೆ ಮರಳನ್ನು ಚಿಟಿಕೆಯಲ್ಲಿ ಗುಡ್ಡೆ ಮಾಡಿ ಚೆಂಡು ಕೂರಿಸುತ್ತಿದ್ದರು. ಬಾಸ್ಟನ್‌ನ ದಂತವೈದ್ಯ ಜಾರ್ಜ್ ಫ್ರಾಂಕ್ಲಿನ್ ಗ್ರಾಂಟ್ 1899ರಲ್ಲಿ ಮರದ ಟೀಗೆ ಪೇಟೆಂಟ್ ಪಡೆದರೂ ಅದನ್ನು ಮಾರಾಟಕ್ಕೆ ಇಳಿಸಲಿಲ್ಲ. 1920ರ ದಶಕದಲ್ಲಿ ಟೀಯನ್ನು ಅಂಗಡಿಗೆ ತಂದ ವಿಲಿಯಂ ಲೋವೆಲ್ ಕೂಡ ದಂತವೈದ್ಯನೇ.

ದಂಡ ಮಾತ್ರ ಹಿಕ್ಕರಿ ಮರದ್ದೇ ಆಗಿ ಉಳಿದಿತ್ತು. ಹಿಕ್ಕರಿ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ ಕೂಡ. ಬಲವಾಗಿ ಬೀಸಿದಷ್ಟೂ ಮುಖ ಎತ್ತ ನೋಡುತ್ತದೆ ಎಂದು ಹೇಳಲಾಗದು. ಎರಡು ದಂಡ ಒಂದೇ ಥರ ಇರುತ್ತಿರಲಿಲ್ಲವಾದ್ದರಿಂದ ಮನಸ್ಸಿಗೆ ಹಿಡಿದ ಡ್ರೈವರ್ ಸಿಕ್ಕರೆ ಆಟಗಾರರು ಅದನ್ನು ಬಿಡುತ್ತಿರಲಿಲ್ಲ. ಬಾಬಿ ಜೋನ್ಸ್ ತನ್ನ ಡ್ರೈವರ್‌ಗೆ 'ಜೀನಿ ಡೀನ್ಸ್' ಎಂದು ವಾಲ್ಟರ್ ಸ್ಕಾಟ್‌ನ ಕಾದಂಬರಿಯೊಂದರ ನಾಯಕಿಯ ಹೆಸರಿಟ್ಟಿದ್ದ. ತಿರುಚದ ಉಕ್ಕಿನ ದಂಡಕ್ಕೆ, ಅಂದರೆ ಶಾಫ್ಟ್‌ಗೆ, ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1924ರಲ್ಲಿ, ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ 1929ರಲ್ಲಿ ಒಪ್ಪಿಗೆ ಕೊಟ್ಟವು. 1931ರ ಯುಎಸ್ ಓಪನ್ ಗೆದ್ದ ಬಿಲ್ಲಿ ಬರ್ಕ್ ಬಳಸಿದ್ದು ಉಕ್ಕಿನದನ್ನೇ. ಆ ಮೇಲೆ ಅರ್ಧ ಶತಮಾನ ಪರ್ಸಿಮನ್ ತಲೆ, ಉಕ್ಕಿನ ಶಾಫ್ಟ್, 43 ಇಂಚಿನ ಆಸುಪಾಸಿನ ಉದ್ದ ಎಂಬ ಲೆಕ್ಕ ಅಲುಗಲಿಲ್ಲ. 1963ರ ಪಿಜಿಎ ಚಾಂಪಿಯನ್‌ಶಿಪ್ ವೇಳೆ ಡಲ್ಲಾಸ್‌ನಲ್ಲಿ ನಡೆದ ದೂರ ಹೊಡೆಯುವ ಸ್ಪರ್ಧೆಯಲ್ಲಿ ಜ್ಯಾಕ್ ನಿಕ್ಲಾಸ್ ಇಂಥದೇ ಕ್ಲಬ್‌ನಿಂದ 341 ಗಜ 17 ಇಂಚು ಹೊಡೆದ. ಎಲ್ಲ ಹೊಸ ಡ್ರೈವರ್ ಜಾಹೀರಾತುಗಳ ಪಕ್ಕದಲ್ಲಿ ಇಟ್ಟು ನೋಡಬೇಕಾದ ಅಂಕಿ ಇದು. ನಡುವಿನಲ್ಲಿ ಸರಿಯಾಗಿ ತಾಗಿದರೆ ಮರವೂ ದೂರ ಕಳಿಸುತ್ತಿತ್ತು. ತೊಂದರೆಯಿದ್ದದ್ದು ಸರಿಯಾಗಿ ತಾಗದ ಹೊಡೆತಗಳಲ್ಲಿ.

1960ರ ದಶಕದಲ್ಲಿ ಹೊಡೆತವನ್ನು ಅಳೆದು ನೋಡುವ ಕೆಲಸ ಗಂಭೀರವಾಗಿ ನಡೆಯಿತು. ಬ್ರಿಟನ್ನಿನಲ್ಲಿ ಅಲಸ್ಟೇರ್ ಕಾಕ್ರನ್, ಜಾನ್ ಸ್ಟಾಬ್ಸ್ ಅವರ ಅಧ್ಯಯನ 1968ರಲ್ಲಿ ಪುಸ್ತಕವಾಯಿತು. ಅಮೆರಿಕದಲ್ಲಿ ಬೈರನ್ ನೆಲ್ಸನ್‌ನ ಬೀಸನ್ನು ಅನುಕರಿಸುವ 'ಐರನ್ ಬೈರನ್' ಯಂತ್ರ ಬಂತು. ಯಂತ್ರಕ್ಕೆ ದಣಿವಿಲ್ಲ, ಹೆಮ್ಮೆಯೂ ಇಲ್ಲ. ಬೇಕೆಂದೇ ಅರ್ಧ ಇಂಚು ಪಕ್ಕಕ್ಕೆ ಹೊಡೆಸಿ ನಷ್ಟವೆಷ್ಟೆಂದು ನೋಡಬಹುದಾಯಿತು.

1979ರಲ್ಲಿ ಇಲಿನಾಯ್‌ನ ಗ್ಯಾರಿ ಆಡಮ್ಸ್ ಟೇಲರ್‌ಮೇಡ್ ಕಂಪನಿ ಕಟ್ಟಿ, ಒಳಗೆ ಟೊಳ್ಳಾದ ಉಕ್ಕಿನ ಡ್ರೈವರ್ ಮಾರಾಟಕ್ಕಿಟ್ಟ. ಜನ ಅದನ್ನು 'ಪಿಟ್ಸ್‌ಬರ್ಗ್ ಪರ್ಸಿಮನ್' ಎಂದು ತಮಾಷೆ ಮಾಡಿದರು. ಪಿಟ್ಸ್‌ಬರ್ಗ್ ಉಕ್ಕಿನ ಊರು. ಟೊಳ್ಳು ಮಾಡಿದ್ದರ ಲಾಭ ಭಾರದ ಹಂಚಿಕೆಯಲ್ಲಿ. ಗಟ್ಟಿ ಮರದ ತಲೆಯ ಭಾರವೆಲ್ಲ ನಡುವಿನಲ್ಲೇ ಕೂಡಿರುತ್ತದೆ. ಟೊಳ್ಳು ಉಕ್ಕಿನಲ್ಲಿ ಅದು ಚಿಪ್ಪಿಗೆ, ಅಂದರೆ ಅಂಚಿಗೆ, ಹೋಗುತ್ತದೆ. ಸರ್ಕಸ್ಸಿನಲ್ಲಿ ಹಗ್ಗದ ಮೇಲೆ ನಡೆಯುವವಳು ಉದ್ದನೆಯ ಕೋಲು ಹಿಡಿಯುವಂತೆ, ಭಾರ ದೂರವಿದ್ದಷ್ಟೂ ತಲೆ ತಿರುಚಿಕೊಳ್ಳುವುದು ಕಷ್ಟ. 1981ರಲ್ಲಿ ರಾನ್ ಸ್ಟ್ರೆಕ್ ಲೋಹದ ಡ್ರೈವರ್ ಹಿಡಿದು ವೃತ್ತಿಪರರ ಪಿಜಿಎ ಟೂರ್‌ನಲ್ಲಿ ಗೆದ್ದ ಮೇಲೆ ತಮಾಷೆ ನಿಂತಿತು.

ಎಲಿ ಕ್ಯಾಲವೇ 1991ರಲ್ಲಿ ತಂದ 'ಬಿಗ್ ಬರ್ತಾ' ಡ್ರೈವರ್‌ಗೆ ಮೊದಲ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರು. ಅದರ ಉಕ್ಕಿನ ತಲೆಯ ಗಾತ್ರ 190 ಘನ ಸೆಂಟಿಮೀಟರ್. ಉಕ್ಕು ಇನ್ನೂ ಹಿಗ್ಗಿದರೆ ಗೋಡೆ ಅತಿ ತೆಳುವಾಗಿ ಒಡೆಯುವ ಭಯವಿತ್ತು. ಹಗುರವೂ ಬಲಿಷ್ಠವೂ ಆದ ಟೈಟೇನಿಯಂ ಆ ತಡೆಯನ್ನು ತೆಗೆಯಿತು. 1995ರ ಗ್ರೇಟ್ ಬಿಗ್ ಬರ್ತಾ 250 ಘ.ಸೆಂ.ಮೀ. ಆಸುಪಾಸಿಗೆ ಬಂತು. ಅದಕ್ಕೆ ಎರಡು ವರ್ಷ ಮೊದಲು, 1993ರ ಮಾಸ್ಟರ್ಸ್‌ನಲ್ಲಿ, ಬರ್ನ್‌ಹಾರ್ಡ್ ಲ್ಯಾಂಗರ್ ಪರ್ಸಿಮನ್ ಡ್ರೈವರ್ ಹಿಡಿದು ಗೆದ್ದಿದ್ದ. ಮರದ ಡ್ರೈವರ್‌ಗೆ ದಕ್ಕಿದ ಕೊನೆಯ ಮೇಜರ್ ಪ್ರಶಸ್ತಿ ಅದು.

ಟೈಟೇನಿಯಂನ ತೆಳು ಮುಖ, ಯಾರೂ ಅಷ್ಟಾಗಿ ಎದುರುನೋಡಿರದ ಇನ್ನೊಂದು ಕೆಲಸ ಮಾಡಿತು. ಪೆಟ್ಟು ಬಿದ್ದಾಗ ಚೆಂಡು ಅಪ್ಪಚ್ಚಿಯಾಗುತ್ತದೆ, ಹಾಗಾಗುವಾಗ ಶಕ್ತಿಯ ಒಂದು ಪಾಲು ಬಿಸಿಯಾಗಿ ಸೋರಿಹೋಗುತ್ತದೆ. ಮುಖವೇ ತುಸು ಒಳಬಾಗಿದರೆ ಚೆಂಡು ಅಷ್ಟು ಅಪ್ಪಚ್ಚಿಯಾಗಬೇಕಿಲ್ಲ, ಸೋರುವುದೂ ಕಡಿಮೆ. ಒಳಬಾಗಿದ ಲೋಹ ತಾನು ಹಿಡಿದಿಟ್ಟದ್ದನ್ನು ಹೆಚ್ಚುಕಡಿಮೆ ಪೂರ್ತಿ ಹಿಂತಿರುಗಿಸುತ್ತದೆ. ಯುಎಸ್‌ಜಿಎ 1998ರಲ್ಲಿ ಈ 'ಟ್ರ್ಯಾಂಪೊಲಿನ್' ಗುಣಕ್ಕೆ 0.83 ಎಂಬ ಮಿತಿ ಹಾಕಿತು. ಆರ್ ಅಂಡ್ ಎ ಆಗ ಹಾಕಲಿಲ್ಲ. ಹೀಗಾಗಿ 2000ದ ಸುಮಾರಿನಲ್ಲಿ ಕ್ಯಾಲವೇಯ ಇಆರ್‌ಸಿ ಡ್ರೈವರ್ ಯೂರೋಪಿನಲ್ಲಿ ನಿಯಮಬದ್ಧ, ಅಮೆರಿಕದಲ್ಲಿ ನಿಯಮಬಾಹಿರ ಎಂಬ ವಿಚಿತ್ರ ಪರಿಸ್ಥಿತಿ ಹುಟ್ಟಿತು. ಸ್ಪರ್ಧೆಯಿಲ್ಲದ ಆಟಕ್ಕೆ ಅಂಥ ಕ್ಲಬ್ ಇದ್ದರೇನು ಎಂದು ಆರ್ನಾಲ್ಡ್ ಪಾಮರ್ ಅದರ ಪರ ನಿಂತು ಟೀಕೆಗೆ ಗುರಿಯಾದ. ಜಗತ್ತಿಗೆಲ್ಲ ಒಂದೇ ಮಿತಿ ಪೂರ್ತಿಯಾಗಿ ಜಾರಿಯಾಗಲು 2008 ಆಗಬೇಕಾಯಿತು.

ಮಿಕ್ಕ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದವು. ತಲೆಯ ಗಾತ್ರಕ್ಕೆ 460 ಘ.ಸೆಂ.ಮೀ., ಉದ್ದಕ್ಕೆ 48 ಇಂಚು, ತಿರುಚನ್ನು ತಡೆಯುವ ಗುಣಕ್ಕೆ (ಅಂಗಡಿಯವರ ಬಾಯಲ್ಲಿ 'ಎಂಒಐ') 5,900 ಗ್ರಾಂ-ಚದರ ಸೆಂಟಿಮೀಟರ್ ಎಂದು ನಿಗದಿಯಾಯಿತು. ಅಷ್ಟರಲ್ಲಿ ಪಿಜಿಎ ಟೂರ್‌ನ ಸರಾಸರಿ ಡ್ರೈವ್ 1980ರ 257 ಗಜದಿಂದ 2003ರ 286 ಗಜಕ್ಕೆ ಏರಿಯಾಗಿತ್ತು. ಅದರಲ್ಲಿ ಡ್ರೈವರ್‌ನ ಪಾಲೆಷ್ಟು, ಹೊಸ ಚೆಂಡಿನ ಪಾಲೆಷ್ಟು, ಆಟಗಾರರ ಕಸರತ್ತಿನ ಪಾಲೆಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ.

ಮಿತಿಗಳು ಬಂದ ಮೇಲೆ ಕಂಪನಿಗಳ ಗಮನ ಒಳ್ಳೆಯ ಹೊಡೆತವನ್ನು ಉದ್ದ ಮಾಡುವುದರಿಂದ ಕೆಟ್ಟ ಹೊಡೆತವನ್ನು ಉಳಿಸುವುದರ ಕಡೆಗೆ ತಿರುಗಿತು. 2004ರ ಟೇಲರ್‌ಮೇಡ್ ಆರ್7 ಕ್ವಾಡ್‌ನಲ್ಲಿ ನಾಲ್ಕು ಸ್ಕ್ರೂ ತೂಕಗಳನ್ನು ಅದಲುಬದಲು ಮಾಡಬಹುದಿತ್ತು. 2007ರಲ್ಲಿ ನೈಕಿ, ಕ್ಯಾಲವೇ ಎರಡೂ ಚೌಕಾಕಾರದ ತಲೆ ತಂದವು. ಭಾರ ಮೂಲೆಗಳಿಗೆ ಹೋದದ್ದರಿಂದ ಲೆಕ್ಕ ಸರಿಯೇ ಇತ್ತು. ಆದರೆ ಡಬ್ಬ ಬಡಿದಂಥ ಸದ್ದು ಆಟಗಾರರಿಗೆ ಹಿಡಿಸಲಿಲ್ಲ, ಆ ಆಕಾರ ಬೇಗನೆ ಮರೆಯಾಯಿತು. 2008ರಿಂದ ಶಾಫ್ಟ್ ಸೇರುವ ಕಡೆ ತಿರುಪು ಬಿಚ್ಚಿ ಕೋನ ಬದಲಿಸಲು ಅನುಮತಿ ಸಿಕ್ಕಿತು. ತಲೆಯ ಮೇಲ್ಭಾಗಕ್ಕೆ ಕಾರ್ಬನ್ ಹಾಕಿ ಉಳಿಸಿದ ಕೆಲವೇ ಗ್ರಾಂಗಳನ್ನು ಕೆಳಕ್ಕೆ, ಹಿಂದಕ್ಕೆ ಸಾಗಿಸುವುದು ವಾಡಿಕೆಯಾಯಿತು. 2022ರಲ್ಲಿ ಟೇಲರ್‌ಮೇಡ್ ಮುಖವನ್ನೇ 60 ಪದರದ ಕಾರ್ಬನ್‌ನಿಂದ ಮಾಡಿತು. 2024ರಲ್ಲಿ ಪಿಂಗ್ ಮತ್ತು ಟೇಲರ್‌ಮೇಡ್ '10ಕೆ' ಎಂದು ಸಾರಿದ್ದು ಅಡ್ಡ, ಉದ್ದ ಎರಡೂ ದಿಕ್ಕಿನ ಎಂಒಐ ಕೂಡಿಸಿದ ಮೊತ್ತವನ್ನು. ನಿಯಮದ ಮಿತಿ ಅಡ್ಡ ತಿರುಚಿಗೆ ಮಾತ್ರ ಎಂಬುದನ್ನು ಕೊಳ್ಳುವವರು ಗಮನಿಸಬೇಕು.

ಡ್ರೈವರ್ ಆಯ್ಕೆಯ ರೀತಿಯನ್ನು ನಿಜವಾಗಿ ಬದಲಿಸಿದ್ದು ಕ್ಲಬ್ ಅಲ್ಲ, ರೇಡಾರ್. ಡೆನ್ಮಾರ್ಕಿನಲ್ಲಿ 2003ರಲ್ಲಿ ಶುರುವಾದ ಟ್ರ್ಯಾಕ್‌ಮ್ಯಾನ್ ಕಂಪನಿಯ ಪೆಟ್ಟಿಗೆ ಚೆಂಡಿನ ವೇಗ, ಏರುವ ಕೋನ, ಸ್ಪಿನ್ ಎಲ್ಲವನ್ನೂ ಕೂಡಲೇ ತೋರಿಸಿತು. ಚೆಂಡು ಹೊರಡುವ ದಿಕ್ಕನ್ನು ಬೀಸಿನ ದಾರಿ ನಿರ್ಧರಿಸುತ್ತದೆ ಎಂಬ ಹಳೆಯ ಪಾಠ ತಪ್ಪೆಂದು ಸಾಬೀತಾಯಿತು. ಡ್ರೈವರ್‌ನಲ್ಲಿ ಆ ದಿಕ್ಕಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ನಿರ್ಧರಿಸುವುದು ಆ ಕ್ಷಣ ಮುಖ ಎತ್ತ ನೋಡುತ್ತಿತ್ತು ಎಂಬುದು. ಇನ್ನೊಂದು ಕಡೆ ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಪ್ರತಿ ಹೊಡೆತದ ಲೆಕ್ಕ ಹಾಕಿ, ಆಟಗಾರರ ನಡುವಿನ ಅಂತರದ ಸುಮಾರು ಮೂರನೇ ಎರಡು ಪಾಲು 100 ಗಜದಾಚೆಯ ಹೊಡೆತಗಳಿಂದ ಬರುತ್ತದೆ ಎಂದು ತೋರಿಸಿದರು. ದೂರದ ಬೆಲೆ ಏರಿತು. 2021ರಲ್ಲಿ 50ನೇ ವಯಸ್ಸಿನಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಗೆದ್ದ ಫಿಲ್ ಮಿಕೆಲ್ಸನ್‌ನ ಡ್ರೈವರ್ 48 ಇಂಚಿಗೆ ಕೂದಲೆಳೆಯಷ್ಟೇ ಕಡಿಮೆ ಇತ್ತು. ಮರುವರ್ಷವೇ ದೊಡ್ಡ ಸ್ಪರ್ಧೆಗಳು 46 ಇಂಚಿನ ಮಿತಿ ಹಾಕಿಕೊಳ್ಳಬಹುದೆಂಬ ನಿಯಮ ಬಂತು.

ಇಷ್ಟೆಲ್ಲ ಆದ ಮೇಲೆ ಇಂದು ಅಂಗಡಿಯಲ್ಲಿರುವ ದೊಡ್ಡ ಕಂಪನಿಗಳ ಡ್ರೈವರ್‌ಗಳ ಮುಖಗಳೆಲ್ಲವೂ ಮಿತಿಯ ಹತ್ತಿರವೇ ಇವೆ. ನಡುವಿನ ಹೊಡೆತದಲ್ಲಿ ವ್ಯತ್ಯಾಸ ಹುಡುಕುವುದು ವ್ಯರ್ಥ. ಹುಡುಕಬೇಕಾದದ್ದು ಲಾಫ್ಟ್ (ಮುಖ ಹಿಂದಕ್ಕೆ ಓರೆಯಾಗಿರುವ ಕೋನ), ಉದ್ದ, ಶಾಫ್ಟ್ ಮತ್ತು ಭಾರದ ಸ್ಥಾನದಲ್ಲಿ. ಟೂರ್ ಆಟಗಾರರ ಕ್ಲಬ್ ತಲೆಯ ವೇಗ ಗಂಟೆಗೆ 113 ಮೈಲಿಯ ಆಸುಪಾಸು, ಚೆಂಡು ಸುಮಾರು 11 ಡಿಗ್ರಿಯಲ್ಲಿ ಏರುತ್ತದೆ. ಎಲ್‌ಪಿಜಿಎ ಆಟಗಾರ್ತಿಯರ ವೇಗ 94ರ ಆಸುಪಾಸು, ಏರುವ ಕೋನ 13. ಹವ್ಯಾಸಿಗಳಲ್ಲಿ ಬಹುತೇಕರ ವೇಗ ಈ ಎರಡನೆಯ ಅಂಕಿಗೆ ಹತ್ತಿರ, ಅಥವಾ ಇನ್ನೂ ಕಡಿಮೆ. ಆದರೂ ಅವರ ಕಣ್ಣು 9 ಡಿಗ್ರಿಯ ಕ್ಲಬ್ ಮೇಲೆಯೇ ಬೀಳುತ್ತದೆ. 10.5 ಅಥವಾ 12 ಡಿಗ್ರಿಯದು ಅವರಿಗೆ ಹೆಚ್ಚು ದೂರವನ್ನೂ ಕೊಡುತ್ತದೆ, ಹೆಚ್ಚು ನೇರವನ್ನೂ ಕೊಡುತ್ತದೆ. ಲಾಫ್ಟ್ ಹೆಚ್ಚಿದಾಗ ಹಿಮ್ಮುಖ ಸ್ಪಿನ್ ಹೆಚ್ಚಿ ಪಕ್ಕಕ್ಕೆ ಬಾಗುವುದು ಕಡಿಮೆಯಾಗುತ್ತದೆ. ತಿರುಪು ಬಿಚ್ಚಿ ಲಾಫ್ಟ್ ಏರಿಸಿದರೆ ಮುಖ ತುಸು ಎಡಕ್ಕೆ ಮುಚ್ಚಿಕೊಳ್ಳುತ್ತದೆ. ಬಲಕ್ಕೆ ಸ್ಲೈಸ್ ಆಗುವವರಿಗೆ ಅದು ಅನುಕೂಲ, ಎಡಕ್ಕೆ ಹುಕ್ ಆಗುವವರಿಗೆ ಅಪಾಯ.

ಅಂಗಡಿಯ ಡ್ರೈವರ್‌ಗಳು ಈಗ 45 ಇಂಚು ದಾಟುತ್ತವೆ. ಹೆಚ್ಚು ಉದ್ದದ ಶಾಫ್ಟ್ ವೇಗ ಕೊಟ್ಟೀತು, ಆದರೆ ಚೆಂಡು ನಡುವಿಗೆ ತಾಗುವುದು ಅಪರೂಪವಾಗುತ್ತದೆ. ಟೈಗರ್ ವುಡ್ಸ್ 2000ದ ತನ್ನ ಅಬ್ಬರದ ವರ್ಷದಲ್ಲೂ ಉಕ್ಕಿನ, ಚಿಕ್ಕ ಶಾಫ್ಟನ್ನೇ ನೆಚ್ಚಿಕೊಂಡಿದ್ದ. ಶಾಫ್ಟ್ ಎಷ್ಟು ಬಿಗಿ ಎಂದು ಹೇಳುವ ಆರ್, ಎಸ್, ಎಕ್ಸ್ ಎಂಬ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಯಿಲ್ಲ. ಒಬ್ಬರ ಎಸ್ ಇನ್ನೊಬ್ಬರ ಆರ್ ಆಗಿರಬಹುದು. ರೇಡಾರ್ ಇಲ್ಲದ ಕಡೆ ಹಳೆಯ ಉಪಾಯವೊಂದಿದೆ. ಪಾದಕ್ಕೆ ಹೊಡೆಯುವ ಪೌಡರ್ ಸ್ಪ್ರೇಯನ್ನು ಮುಖದ ಮೇಲೆ ತೆಳ್ಳಗೆ ಹಾಕಿ ಹತ್ತು ಚೆಂಡು ಹೊಡೆಯುವುದು. ಬಿಳಿಯ ಮೇಲೆ ಮೂಡಿದ ದುಂಡು ಗುರುತುಗಳು ಹೀಲ್ ಕಡೆ ಗುಂಪಾಗಿದ್ದರೆ, ಹೊಸ ಡ್ರೈವರ್ ಕೊಳ್ಳುವ ಮೊದಲು ಹಿಡಿತವನ್ನು ಒಂದಿಂಚು ಕೆಳಗೆ ತಂದು ನೋಡುವುದು ಒಳ್ಳೆಯದು. ನಡುವಿಗಿಂತ ತುಸು ಮೇಲೆ ಮೂಡಿದ್ದರೆ ಸಂತೋಷಪಡಬಹುದು. ಅಲ್ಲಿ ತಾಗಿದ ಚೆಂಡು ಎತ್ತರಕ್ಕೆ, ಕಡಿಮೆ ಸ್ಪಿನ್ನಿನಲ್ಲಿ ಹೋಗುತ್ತದೆ.

ಊರೂ ಲೆಕ್ಕಕ್ಕೆ ಬರುತ್ತದೆ. 1876ರಿಂದ ಗಾಲ್ಫ್ ಕ್ಲಬ್ ಇರುವ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಯಲ್ಲಿ 200 ಗಜ ಹೋಗುವ ಹೊಡೆತ ಮಂಗಳೂರಿನ ಕರಾವಳಿಯಲ್ಲಿ ಅಷ್ಟು ದೂರ ಹಾರುವುದಿಲ್ಲ, ಐದಾರು ಗಜ ಹಿಂದೆಯೇ ಬೀಳುತ್ತದೆ. ಡ್ರೈವ್ ಚಿಕ್ಕದಾದ ಮಾತ್ರಕ್ಕೆ ಆಟ ಕೆಡಬೇಕೆಂದೂ ಇಲ್ಲ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಮಗಿಂತ ಬಹಳ ದೂರ ಹೊಡೆಯುವವರ ನಡುವೆ ನಾಲ್ಕನೆಯವರಾದರು, ಪದಕ ತಪ್ಪಿದ್ದು ಒಂದೇ ಹೊಡೆತದಿಂದ.

ಡ್ರೈವರ್‌ನ ಮುಖ ಬಳಕೆಯಿಂದ ಸವೆದು ಇನ್ನಷ್ಟು ಚಿಮ್ಮುವುದೂ ಉಂಟು. 2019ರ ಓಪನ್‌ಗೆ ಮುನ್ನ ಜ್ಯಾಂಡರ್ ಶಾಫ್‌ಲಿಯ ಡ್ರೈವರ್ ಪರೀಕ್ಷೆಯಲ್ಲಿ ಮಿತಿ ಮೀರಿತು, ಅವನು ಬೇರೆಯದನ್ನು ಹಿಡಿಯಬೇಕಾಯಿತು. ದೂರಕ್ಕೆ ಕಡಿವಾಣ ಹಾಕುವ ಪ್ರಯತ್ನ ಮಾತ್ರ ಈಗ ಕ್ಲಬ್‌ನಿಂದ ಚೆಂಡಿನತ್ತ ಹೊರಳಿದೆ. 2023ರ ಡಿಸೆಂಬರಿನಲ್ಲಿ ಎರಡೂ ಸಂಸ್ಥೆಗಳು ಚೆಂಡಿನ ಪರೀಕ್ಷೆಯಲ್ಲಿ ಕ್ಲಬ್‌ನ ವೇಗವನ್ನು ಗಂಟೆಗೆ 120 ಮೈಲಿಯಿಂದ 125ಕ್ಕೆ ಏರಿಸಿ, ದೂರದ ಮಿತಿಯನ್ನು ಹಾಗೆಯೇ ಉಳಿಸುವುದಾಗಿ ಪ್ರಕಟಿಸಿದವು. ಗಟ್ಟಾಪರ್ಚಾದ ಕಾಲದಲ್ಲಿ ಆದಂತೆ, ಆ ಚೆಂಡು ಬಂದ ಮೇಲೆ ಲಾಫ್ಟ್ ಮತ್ತು ಸ್ಪಿನ್ನಿನ ಲೆಕ್ಕವನ್ನು ಮತ್ತೊಮ್ಮೆ ಹಾಕಬೇಕಾಗುತ್ತದೆ.