ಡಬ್ಬಿಯ ಮೇಲಿನ ಶಾಸನ

ಹೋದ ಸಲ ಮಸ್ಕಿಗೆ ಹೋದಾಗ ಅಪ್ಪ ಟೀವಿಗೆ ಕಿವಿ ಹಚ್ಚಿ ಕೂತಿದ್ದರು. ಹಳೇ ಹೋಮ್ ಥಿಯೇಟರ್‌ನ ಸ್ಪೀಕರ್‌ಗಳು ಗಟ್ಟಿಯಾಗೇ ಇದ್ದವು. ಸುಟ್ಟದ್ದು ಆಂಪ್ಲಿಫೈಯರ್ ಮಾತ್ರ. ‘ಪೂರಾ ಸೆಟ್ ಬ್ಯಾಡ ತಮ್ಮಾ, ಮಾತು ಕೇಳಿಸಿದ್ರ ಸಾಕು’ ಅಂದರು.

ಫೋನಲ್ಲಿ ಹುಡುಕಿದೆ. ಅಂಗೈಯಗಲದ ಕ್ಲಾಸ್ ಡಿ ಆಂಪ್ಲಿಫೈಯರ್, ಅಗ್ಗದ ಬೆಲೆ, ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ‘100 ವ್ಯಾಟ್’. ನಂಬೋದಾ?

ಡಿ ಅಂದರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಆದಮೇಲೆ ಡಿ, ಅಷ್ಟೇ. ಹಳೇ ಆಂಪ್ಲಿಫೈಯರ್ ಕೆಲಸ ಬ್ರೇಕ್ ಒತ್ತಿಕೊಂಡೇ ಬೈಕ್ ಓಡಿಸಿದ ಹಾಗೆ: ತಡೆದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಕ್ಲಾಸ್ ಬಿ ದಕ್ಷತೆ ಲೆಕ್ಕದಲ್ಲೇ ಶೇ. 78.5 ದಾಟುವುದಿಲ್ಲ. ಕ್ಲಾಸ್ ಡಿ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಸ್ವಿಚ್ಚನ್ನು ಪೂರ್ತಿ ಹಾಕಿ ಪೂರ್ತಿ ಆರಿಸುತ್ತದೆ. ಹಾಕಿದ ಹೊತ್ತು ಹೆಚ್ಚುಕಡಿಮೆಯಾದಂತೆ ದನಿ ಮೂಡುತ್ತದೆ. ಹಾಗಾಗಿ ಶೇ. 90ರ ಆಸುಪಾಸು ಮುಟ್ಟುತ್ತದೆ.

1964ರಲ್ಲಿ ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ ಇಂಥದ್ದೇ ಎಕ್ಸ್-10 ಕಿಟ್ ಮಾರಿತು. ಹೇಳಿದ್ದು 10 ವ್ಯಾಟ್, ಬಂದದ್ದು ಸುಮಾರು 2.5. ಆಗಿನ ಟ್ರಾನ್ಸಿಸ್ಟರ್‌ಗಳಿಗೆ ಆ ವೇಗ ಸಾಧ್ಯವಿರಲಿಲ್ಲ. ವೇಗದ ಮಾಸ್‌ಫೆಟ್‌ಗಳು ಬಂದಮೇಲೆ ಚಿಪ್ ಸುಧಾರಿಸಿತು; ಡಬ್ಬಿಯ ಬುದ್ಧಿ ಸುಧಾರಿಸಲಿಲ್ಲ.

ಈಗ ಅಗ್ಗದ ಆಂಪ್ಲಿಫೈಯರ್‌ಗಳಲ್ಲಿ ಸಿಗುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್ ತಲಾ 50 ವ್ಯಾಟ್‌ನಂತೆ ಎರಡು ಸ್ಪೀಕರ್ ನಡೆಸಬಲ್ಲದು ನಿಜ. ಆದರೆ ಅದು 21 ವೋಲ್ಟ್‌ಗೆ, 4 ಓಮ್ ಸ್ಪೀಕರ್‌ಗೆ. ನಮ್ಮ ಸ್ಪೀಕರ್ 8 ಓಮ್. ಜತೆಗೆ ಬರುವ ಅಡಾಪ್ಟರ್ 12 ವೋಲ್ಟ್. ವೋಲ್ಟಿನ ವರ್ಗವನ್ನು ಓಮ್‌ನ ಎರಡರಷ್ಟರಿಂದ ಭಾಗಿಸಿ: 144 ಭಾಗಿಸು 16. ದನಿ ಒಡೆಯದೆ ಸಿಗುವುದು ಹೆಚ್ಚೆಂದರೆ 9 ವ್ಯಾಟ್! 24 ವೋಲ್ಟ್ ಕೊಟ್ಟರೆ ಅದೇ ಲೆಕ್ಕದಲ್ಲಿ 36. ಆಂಪ್ಲಿಫೈಯರ್ 24 ವೋಲ್ಟ್ ತಡೆಯುತ್ತದೆಂದು ಖಾತ್ರಿ ಮಾಡಿಕೊಂಡು, ಉಳಿದ ದುಡ್ಡನ್ನು ಒಳ್ಳೇ ಅಡಾಪ್ಟರ್‌ಗೆ ಹಾಕಿದೆ.

ಈ ಪಾಠ ನಮ್ಮೂರಿನ ಕಲ್ಲೇ ಹೇಳುತ್ತದೆ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ‘ಅಶೋಕ’ ಅಂತ ಹೆಸರಿತ್ತು. ಬೇರೆ ಶಾಸನಗಳ ‘ದೇವಾನಾಂಪ್ರಿಯ’ ಯಾರೆಂದು ಖಚಿತವಾದದ್ದು ಅದರ ಜತೆ ತಾಳೆ ನೋಡಿದಾಗ. ಡಬ್ಬಿಯ ವ್ಯಾಟನ್ನೂ ಹಾಗೇ ಅಡಾಪ್ಟರಿನ ವೋಲ್ಟ್, ಸ್ಪೀಕರ್ ಬೆನ್ನಿನ ಓಮ್ ಜತೆ ತಾಳೆ ನೋಡಿ.

ಜೋಡಿಸಿದ ರಾತ್ರಿ ಅಪ್ಪ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ‘ಒಂಚೂರು ಸಣ್ಣ ಮಾಡು ತಮ್ಮಾ.’