ನೈಜೀರಿಯದ ಯುವಜನ ಸಬಲೀಕರಣ

ಪಶ್ಚಿಮ ಆಫ್ರಿಕದ ನೈಜೀರಿಯದಲ್ಲಿ ಯುವಜನರಿಗೆ ನಡೆನುಡಿಯ ಸಂಸ್ಕಾರ, ಕೈಕಸುಬು ಮತ್ತು ದುಡಿಮೆಯ ದಾರಿ ಒದಗಿಸಲು ಸಮಾಜವೂ ಸರ್ಕಾರಗಳೂ ನಡೆಸಿಕೊಂಡು ಬಂದ ಪ್ರಯತ್ನಗಳಿಗೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ. 20 ಕೋಟಿಗೂ ಹೆಚ್ಚು ಜನಸಂಖ್ಯೆಯ ಈ ದೇಶದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಇನ್ನೂ ಇಪ್ಪತ್ತು ದಾಟಿಲ್ಲ. ಯುವಜನರೆಂದರೆ ಯಾರು ಎಂಬ ಲೆಕ್ಕವೂ ಬದಲಾಗುತ್ತ ಬಂದಿದೆ: 2009ರ ರಾಷ್ಟ್ರೀಯ ಯುವನೀತಿ 18ರಿಂದ 35 ವರ್ಷದವರನ್ನು ಯುವಜನರೆಂದು ಎಣಿಸಿದರೆ, 2019ರ ನೀತಿ ಆ ಮಿತಿಯನ್ನು 15ರಿಂದ 29ಕ್ಕೆ ಇಳಿಸಿತು. ಸರ್ಕಾರಿ ಯೋಜನೆಗಳು ಬಂದುಹೋದದ್ದು ಲೆಕ್ಕವಿಲ್ಲದಷ್ಟು. ಕಲಿಸುವುದನ್ನು ಬಹುಪಾಲು ಎಲ್ಲವೂ ಮಾಡಿದವು. ಕಲಿತವನ ಕೈಗೆ ಬಂಡವಾಳ ಕೊಟ್ಟು ಅವನನ್ನು ಸ್ವಂತ ಕಾಲ ಮೇಲೆ ನಿಲ್ಲಿಸುವ ಹೊಣೆಯನ್ನು ಹೊತ್ತವು ಕೆಲವೇ. ಈ ಇತಿಹಾಸವನ್ನು ಅರ್ಥಮಾಡಿಕೊಳ್ಳಲು ಹಿಡಿಯಬೇಕಾದ ಎಳೆ ಇದು.

ಸರ್ಕಾರಕ್ಕೂ ಮುಂಚೆ

ಕಸುಬು ಕಲಿಸುವುದು ನೈಜೀರಿಯಕ್ಕೆ ಬ್ರಿಟಿಷರು ತಂದ ವಿದ್ಯೆಯಲ್ಲ. ಬೆನಿನ್ ನಗರದ ಇಗುನ್ ಬೀದಿಯ ಕಂಚುಗಾರರು, ಬಿಡಾದ ಗಾಜು ಮತ್ತು ಹಿತ್ತಾಳೆ ಕೆಲಸದವರು, ಕಾನೊದ ಕೋಫರ್ ಮಾಟಾದಲ್ಲಿ ನೀಲಿ ಬಣ್ಣದ ಹೊಂಡಗಳಲ್ಲಿ ಬಟ್ಟೆ ಅದ್ದುವವರು ತಲೆಮಾರುಗಳಿಂದ ಮಕ್ಕಳಿಗೆ ಕೆಲಸ ಕಲಿಸುತ್ತ ಬಂದವರು. ಯೊರುಬಾ ಸಮಾಜದಲ್ಲಿ ಕಸುಬಿನ ಜೊತೆಗೆ ನಡತೆಯನ್ನೂ ತೂಗಿ ನೋಡುತ್ತಾರೆ. ಕೊಟ್ಟ ಮಾತಿಗೆ ತಪ್ಪದ, ಹಿರಿಯರಿಗೆ ತಲೆಬಾಗುವ, ಮೈಬಗ್ಗಿಸಿ ದುಡಿಯುವ ಮನುಷ್ಯನನ್ನು ಅಲ್ಲಿ ‘ಒಮೊಲುಆಬಿ’ ಎನ್ನುತ್ತಾರೆ; ಹುಡುಗನನ್ನು ದರ್ಜಿಯ ಬಳಿಯೋ ಮೆಕ್ಯಾನಿಕ್‌ನ ಬಳಿಯೋ ಬಿಡುವಾಗ ತಂದೆತಾಯಿ ಇದನ್ನೂ ಕಲಿಸಿಕೊಡಿ ಎಂದು ಕೇಳುತ್ತಾರೆ. ಕಲಿಕೆ ಮುಗಿದ ದಿನ ನಡೆಯುವ ಸಮಾರಂಭಕ್ಕೆ ‘ಫ್ರೀಡಂ’ ಎಂದು ಹೆಸರು. ಅಂದು ಗುರು ಪ್ರಮಾಣಪತ್ರ ಕೊಟ್ಟು ಹರಸುತ್ತಾನೆ, ಬಂಧುಬಳಗಕ್ಕೆಲ್ಲ ಊಟ ಹಾಕಿಸಲಾಗುತ್ತದೆ.

ಮಿಷನರಿಗಳು 1895ರಲ್ಲಿ ಕಲಾಬಾರ್‌ನಲ್ಲಿ ತೆರೆದ ಹೋಪ್ ವಾಡೆಲ್ ತರಬೇತಿ ಸಂಸ್ಥೆಯಲ್ಲಿ ಬಡಗಿ ಕೆಲಸ, ಮುದ್ರಣ, ಹೊಲಿಗೆಗಳನ್ನು ಓದಿನ ಜೊತೆಗೇ ಕಲಿಸುತ್ತಿದ್ದರು. ವಸಾಹತು ಸರ್ಕಾರ 1930ರ ದಶಕದ ಆರಂಭದಲ್ಲಿ ಲಾಗೋಸ್‌ನ ಯಾಬಾದಲ್ಲಿ ತೆರೆದ ಉನ್ನತ ಕಾಲೇಜು ಬೇರೆಯದೇ ಕಿಚ್ಚು ಹೊತ್ತಿಸಿತು. ಅಲ್ಲಿ ಪದವಿ ಸಿಗುತ್ತಿರಲಿಲ್ಲ, ಡಿಪ್ಲೊಮಾ ಮಾತ್ರ. ಅದನ್ನು ಹಿಡಿದುಕೊಂಡು ಬಂದವನಿಗೆ ಬಿಳಿಯ ಅಧಿಕಾರಿಯ ಕೈಕೆಳಗಿನ ಸಹಾಯಕ ಹುದ್ದೆಯೇ ಗತಿ. ಇದನ್ನು ಪ್ರತಿಭಟಿಸಲು 1934ರಲ್ಲಿ ಎರ್ನೆಸ್ಟ್ ಇಕೋಲಿ, ಸ್ಯಾಮುಯೆಲ್ ಅಕಿನ್‌ಸಾನ್ಯ, ಜೆ. ಸಿ. ವಾನ್ ಮೊದಲಾದವರು ಲಾಗೋಸ್ ಯುವ ಚಳವಳಿಯನ್ನು ಕಟ್ಟಿದರು. 1936ರಲ್ಲಿ ಅದು ನೈಜೀರಿಯ ಯುವ ಚಳವಳಿಯಾಯಿತು. ದೇಶದ ಯುವ ರಾಜಕಾರಣ ಶುರುವಾದದ್ದೇ ಓದಿದವರಿಗೆ ಎಂಥ ಕೆಲಸ ಸಿಗಬೇಕು ಎಂಬ ಜಗಳದಿಂದ.

ಪಶ್ಚಿಮ ಪ್ರಾಂತದಲ್ಲಿ ಒಬಾಫೆಮಿ ಅವೊಲೊವೊ ಸರ್ಕಾರ 1955ರಲ್ಲಿ ಉಚಿತ ಪ್ರಾಥಮಿಕ ಶಿಕ್ಷಣ ಜಾರಿಗೆ ತಂದಿತು. ಅದೊಂದು ದೊಡ್ಡ ಹೆಜ್ಜೆ. ಆದರೆ ಕೆಲವೇ ವರ್ಷಗಳಲ್ಲಿ ಶಾಲೆ ಮುಗಿಸಿದ ಹುಡುಗರು ಊರು ಬಿಟ್ಟು ಇಬಾದಾನ್, ಲಾಗೋಸ್ ಬೀದಿಗಳಲ್ಲಿ ಗುಮಾಸ್ತೆ ಕೆಲಸ ಹುಡುಕುತ್ತ ಅಲೆಯತೊಡಗಿದರು. ಅವರನ್ನು ಬೇಸಾಯಕ್ಕೆ ಮರಳಿಸಲೆಂದು ಆ ದಶಕದ ಕೊನೆಯಲ್ಲಿ ಇಸ್ರೇಲಿನ ಮೋಷಾವ್ ಹಳ್ಳಿಗಳ ಮಾದರಿಯಲ್ಲಿ ಕೃಷಿ ವಸಾಹತುಗಳು ಹುಟ್ಟಿದವು. ಒಬ್ಬೊಬ್ಬನ ಮೇಲೂ ಸರ್ಕಾರ ಹಾಕಿದ ಖರ್ಚು ವಿಪರೀತವಾಗಿತ್ತು. ಕೋಕೊ, ರಬ್ಬರ್ ಗಿಡಗಳು ಫಲ ಕೊಡಲು ವರ್ಷಗಳೇ ಬೇಕು. ಕಾಯುವ ತಾಳ್ಮೆ ಇಲ್ಲದೆ ಅನೇಕರು ಮತ್ತೆ ಪಟ್ಟಣದ ದಾರಿ ಹಿಡಿದರು.

ಯುದ್ಧದ ನಂತರ

1967ರಿಂದ 1970ರವರೆಗಿನ ಬಿಯಾಫ್ರಾ ಅಂತರ್ಯುದ್ಧ ಎಲ್ಲವನ್ನೂ ಅಲುಗಾಡಿಸಿತು. ಒಡೆದ ಮನಸ್ಸುಗಳನ್ನು ಕೂಡಿಸಬೇಕೆಂದು ಸೇನಾಡಳಿತಗಾರ ಜನರಲ್ ಯಾಕುಬು ಗೊವೊನ್ 1973ರ ಮೇ 22ರಂದು ರಾಷ್ಟ್ರೀಯ ಯುವ ಸೇವಾ ದಳವನ್ನು ಸ್ಥಾಪಿಸಿದರು. ಪದವಿ ಮುಗಿಸಿದ, ಮೂವತ್ತು ದಾಟದ ಪ್ರತಿಯೊಬ್ಬರೂ ಒಂದು ವರ್ಷ ತಮ್ಮದಲ್ಲದ ಪ್ರಾಂತದಲ್ಲಿ ದುಡಿಯಬೇಕು. ಮೊದಲ ಮೂರು ವಾರ ಶಿಬಿರ: ಬೆಳಕು ಹರಿಯುವ ಮುನ್ನ ಕಹಳೆ, ಕವಾಯತು, ಖಾಕಿ ಸಮವಸ್ತ್ರ. ಆಮೇಲೆ ಲಾಗೋಸ್‌ನ ಹುಡುಗಿ ಸೊಕೊಟೊದ ಹಳ್ಳಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ಕಾನೊದ ಹುಡುಗ ತೆಂಕಣ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾನೆ. ‘ಕಾರ್ಪರ್’ ಎಂದು ಜನ ಕರೆಯುವ ಇವರು ಚುನಾವಣಾ ಮತಗಟ್ಟೆಗಳಲ್ಲೂ ಸಿಬ್ಬಂದಿಯಾಗುತ್ತಾರೆ. 2011ರ ಅಧ್ಯಕ್ಷೀಯ ಚುನಾವಣೆಯ ನಂತರದ ಗಲಭೆಯಲ್ಲಿ ಬೌಚಿಯಲ್ಲಿ ಇಂಥ ಯುವಕ ಯುವತಿಯರು ಕೊಲೆಯಾದಾಗ ಸೇವಾ ದಳವನ್ನೇ ಮುಚ್ಚಿ ಎಂಬ ಕೂಗೆದ್ದಿತು. ಆದರೂ ಅದು ಉಳಿದಿದೆ. ಮದುವೆಗಳನ್ನೂ ಸ್ನೇಹಗಳನ್ನೂ ಗಡಿ ದಾಟಿಸಿದ ಸಂಸ್ಥೆ ಇದು. ದೇಶ ಹೆಮ್ಮೆ ಪಡಬೇಕಾದದ್ದು. ಸೇವೆ ಮುಗಿದ ಮರುದಿನ ಏನು ಕೆಲಸ ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಬಿಯಾಫ್ರಾ ಎಂಬ ಪ್ರತ್ಯೇಕ ದೇಶಕ್ಕಾಗಿ ಹೋರಾಡಿ ಸೋತ ಇಗ್ಬೊ ಜನರ ಪಾಡು ಬೇರೆ. ಬ್ಯಾಂಕಿನಲ್ಲಿ ಎಷ್ಟೇ ಹಣ ಇಟ್ಟಿದ್ದರೂ ಅವರ ಕೈಗೆ ಬಂದದ್ದು ಸಾರಾಸಗಟಾಗಿ 20 ಪೌಂಡ್. ಆ ಬರಿಗೈಯಿಂದ ಅವರನ್ನು ಮೇಲೆತ್ತಿದ್ದು ‘ಇಗ್ಬಾ ಬೋಯಿ’ ಎಂಬ ಅಪ್ರೆಂಟಿಸ್ ಪದ್ಧತಿ. ಹಳ್ಳಿಯ ಹುಡುಗನೊಬ್ಬ ಒನಿತ್ಶಾ, ಆಬಾ ಅಥವಾ ಲಾಗೋಸ್‌ನ ಅಲಾಬಾ ಮಾರುಕಟ್ಟೆಯ ವ್ಯಾಪಾರಿಯ ಮನೆ ಸೇರುತ್ತಾನೆ. ವ್ಯಾಪಾರಿಯನ್ನು ‘ಓಗ’ ಎಂದು ಕರೆಯುತ್ತಾನೆ. ಐದರಿಂದ ಎಂಟು ವರ್ಷ ಸಂಬಳವಿಲ್ಲ. ಊಟ, ಬಟ್ಟೆ, ಇರಲು ಜಾಗ ಓಗನದು. ಮೊದಲ ವರ್ಷ ಮಳಿಗೆಯ ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಮೂಟೆ ಹೊರುವುದು. ಬರಬರುತ್ತ ಮಾಲಿನ ಅಸಲು ಬೆಲೆ ಎಷ್ಟು, ಗಿರಾಕಿಗೆ ಎಲ್ಲಿಯವರೆಗೆ ಇಳಿಸಬಹುದು, ಯಾರಿಗೆ ಉದ್ದರಿ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದೆಲ್ಲ ಅವನಿಗೆ ತಿಳಿಯುತ್ತದೆ. ಕೊನೆಯ ವರ್ಷಗಳಲ್ಲಿ ಗಲ್ಲಾಪೆಟ್ಟಿಗೆಯೇ ಅವನ ಕೈಗೆ. ಅವಧಿ ಮುಗಿದಾಗ ಹಿರಿಯರ ಎದುರು ಓಗ ಅವನನ್ನು ‘ಸೆಟಲ್’ ಮಾಡುತ್ತಾನೆ: ರೊಕ್ಕವೋ, ಮಾಲೋ, ಮಳಿಗೆಯ ಬಾಡಿಗೆಯೋ ಕೊಟ್ಟು ಸ್ವಂತ ವ್ಯಾಪಾರಕ್ಕೆ ಕಳಿಸುತ್ತಾನೆ. ಒಂದೆರಡು ವರ್ಷದಲ್ಲಿ ಆ ಹುಡುಗನೂ ಇನ್ನೊಬ್ಬ ಹುಡುಗನನ್ನು ಕರೆತರುತ್ತಾನೆ. ನ್ನೇವಿ ಪಟ್ಟಣ ವಾಹನ ಬಿಡಿಭಾಗಗಳ ಕೇಂದ್ರವಾದದ್ದು ಹೀಗೆ. ಬಿಡಿಭಾಗಗಳ ವ್ಯಾಪಾರದಲ್ಲಿ ಪಳಗಿದ ಇನೊಸೆಂಟ್ ಚುಕ್ವುಮಾ ಅದೇ ಪಟ್ಟಣದಲ್ಲಿ ಇನೊಸನ್ ವಾಹನ ಕಾರ್ಖಾನೆಯನ್ನು ಕಟ್ಟಿದರು.

ಈ ಪದ್ಧತಿಯಲ್ಲಿ ಅನ್ಯಾಯವೂ ಇದೆ. ಒಪ್ಪಂದ ಬಹುತೇಕ ಬಾಯಿಮಾತಿನದು. ಕೊನೆಯ ವರ್ಷದಲ್ಲಿ ಕಳ್ಳತನದ ಆರೋಪ ಹೊರಿಸಿ ಹುಡುಗನನ್ನು ಬರಿಗೈಯಲ್ಲಿ ಓಡಿಸುವ ಓಗರಿದ್ದಾರೆ. ಎಷ್ಟೋ ಹುಡುಗರ ಶಾಲೆ ನಿಂತುಹೋಗುತ್ತದೆ. ಹೆಣ್ಣುಮಕ್ಕಳಿಗೆ ಇದರಲ್ಲಿ ಜಾಗ ತೀರಾ ಕಡಿಮೆ.

ಶಿಸ್ತಿನ ಆಂದೋಲನಗಳು

ತೈಲದ ಹಣ ಹರಿದುಬಂದ 1970ರ ದಶಕದ ಬಳಿಕ ಮೌಲ್ಯಗಳು ಕುಸಿಯುತ್ತಿವೆ ಎಂಬ ಕಳವಳ ಎಲ್ಲ ಸರ್ಕಾರಗಳನ್ನೂ ಕಾಡಿತು. ಸೇನಾಡಳಿತಗಾರ ಮುಹಮ್ಮದು ಬುಹಾರಿ 1984ರ ಮಾರ್ಚ್‌ನಲ್ಲಿ ‘ಅಶಿಸ್ತಿನ ವಿರುದ್ಧ ಸಮರ’ ಸಾರಿದರು. ಬಸ್ ನಿಲ್ದಾಣಗಳಲ್ಲಿ ಜನ ಸಾಲು ನಿಂತರು, ನಿಲ್ಲದವರಿಗೆ ಸೈನಿಕರ ಚಾಟಿ. ಕಚೇರಿಗೆ ತಡವಾಗಿ ಬಂದ ನೌಕರರಿಗೆ ಕಪ್ಪೆಯಂತೆ ಕುಪ್ಪಳಿಸುವ ಶಿಕ್ಷೆ. 1987ರಲ್ಲಿ ಜೆರ್ರಿ ಗಾನಾ ನೇತೃತ್ವದ ‘ಮಾಮ್ಸರ್’ ಎಂಬ ಸರ್ಕಾರಿ ಆಂದೋಲನ ಸ್ವಾವಲಂಬನೆಯ ಪಾಠ ಹೇಳಿತು. 1993ರಲ್ಲಿ ರಾಷ್ಟ್ರೀಯ ಪ್ರಬೋಧನ ಸಂಸ್ಥೆ ಅದರ ಜಾಗಕ್ಕೆ ಬಂತು. ಅಧಿಕಾರಸ್ಥರ ಲೂಟಿಯನ್ನು ಕಣ್ಣಾರೆ ಕಂಡ ಯುವಕರಿಗೆ ಈ ಉಪದೇಶ ಹಿಡಿಸದಿದ್ದರೆ ತಪ್ಪು ಅವರದಲ್ಲ. ಇದೇ ಅವಧಿಯಲ್ಲಿ, 1982ರಲ್ಲಿ ಬಂದ 6-3-3-4 ಶಿಕ್ಷಣ ಪದ್ಧತಿ (ಆರು ವರ್ಷ ಪ್ರಾಥಮಿಕ, ಮೂರು ಕಿರಿಯ ಪ್ರೌಢ, ಮೂರು ಹಿರಿಯ ಪ್ರೌಢ, ನಾಲ್ಕು ವಿಶ್ವವಿದ್ಯಾಲಯ) ಕಿರಿಯ ಪ್ರೌಢಶಾಲೆಯಲ್ಲೇ ಕೈಕೆಲಸ ಕಲಿಸುವ ಆಸೆ ಹುಟ್ಟಿಸಿತ್ತು. ಯಂತ್ರಗಳು ಬಂದವು, ಕಲಿಸುವ ಶಿಕ್ಷಕರಿರಲಿಲ್ಲ. ಕೆಲವೆಡೆ ವಿದ್ಯುತ್ತೂ ಇರಲಿಲ್ಲ. ಎಷ್ಟೋ ಶಾಲೆಗಳಲ್ಲಿ ಅವು ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ.

ಉದ್ಯೋಗ ಯೋಜನೆಗಳ ಸರಣಿ

ತೈಲ ಬೆಲೆ ಕುಸಿದು, 1986ರಲ್ಲಿ ಸೇನಾಡಳಿತಗಾರ ಇಬ್ರಾಹಿಂ ಬಬಂಗಿಡಾ ಆರ್ಥಿಕ ಹೊಂದಾಣಿಕೆ ಕಾರ್ಯಕ್ರಮ ಜಾರಿ ಮಾಡಿದಾಗ ದೇಶದ ನಾಣ್ಯ ನೈರಾ ಬೆಲೆ ಕಳೆದುಕೊಂಡಿತು, ಸರ್ಕಾರಿ ನೇಮಕಾತಿ ನಿಂತಿತು. ಪದವೀಧರರಿಗೂ ನಿರುದ್ಯೋಗದ ಬಿಸಿ ತಟ್ಟಿತು. ಅದೇ ವರ್ಷ ಹುಟ್ಟಿದ ರಾಷ್ಟ್ರೀಯ ಉದ್ಯೋಗ ನಿರ್ದೇಶನಾಲಯ ಬುದ್ಧಿವಂತಿಕೆಯ ದಾರಿ ಹಿಡಿಯಿತು. ಹೊಸ ಶಾಲೆ ಕಟ್ಟುವ ಬದಲು ಬೀದಿಯ ಮೆಕ್ಯಾನಿಕ್, ದರ್ಜಿ, ವೆಲ್ಡರ್‌ಗಳ ಬಳಿಗೇ ಯುವಕರನ್ನು ಕಲಿಯಲು ಕಳಿಸಿತು. ಹಳ್ಳಿಗಳಿಗೆ ಉಪಕರಣ ಹೊತ್ತ ವಾಹನಗಳನ್ನು ಓಡಿಸಿತು. ಆದರೆ ಕಲಿತು ಹೊರಬಂದ ಬಹಳಷ್ಟು ಮಂದಿಗೆ ಹೊಲಿಗೆ ಯಂತ್ರ ಕೊಳ್ಳುವಷ್ಟೂ ಹಣವಿರಲಿಲ್ಲ, ಸಾಲದ ನಿಧಿ ಅಷ್ಟು ಜನಕ್ಕೆ ಸಾಲುತ್ತಿರಲಿಲ್ಲ. ಇಗ್ಬೊ ಪದ್ಧತಿಯ ಮೊದಲರ್ಧವನ್ನು ಸರ್ಕಾರ ತೆಗೆದುಕೊಂಡಿತು, ಕೊನೆಯ ‘ಸೆಟಲ್’ ಅನ್ನು ಬಿಟ್ಟುಬಿಟ್ಟಿತು.

1999ರಲ್ಲಿ ಪ್ರಜಾಪ್ರಭುತ್ವ ಮರಳಿತು. ಅಧ್ಯಕ್ಷ ಒಬಾಸಾಂಜೊ ಸರ್ಕಾರ 2001ರಲ್ಲಿ ತಂದ ಬಡತನ ನಿರ್ಮೂಲನ ಕಾರ್ಯಕ್ರಮ ‘ನಾಪೆಪ್’ ಯುವಕರಿಗೆ ಮೂರು ಚಕ್ರದ ಆಟೊಗಳನ್ನು ಹಂಚಿತು. ಕಾರ್ಯಕ್ರಮ ಮುಗಿದುಹೋದರೂ ಆಟೊಗಳನ್ನು ಜನ ಇಂದಿಗೂ ‘ಕೇಕೆ ನಾಪೆಪ್’ ಎಂದೇ ಕರೆಯುತ್ತಾರೆ. ಅವುಗಳಲ್ಲಿ ಬಜಾಜ್, ಟಿವಿಎಸ್‌ನಂಥ ಭಾರತೀಯ ಕಂಪನಿಗಳವು ಬಹಳ. 2009ರಲ್ಲಿ ಅಧ್ಯಕ್ಷ ಯಾರ್ ಅಡುವಾ ನೈಜರ್ ನದೀಮುಖಜ ಭೂಮಿಯ ಸಶಸ್ತ್ರ ಯುವಕರಿಗೆ ಕ್ಷಮಾದಾನ ಘೋಷಿಸಿದರು. ಬಂದೂಕು ಒಪ್ಪಿಸಿದವರಿಗೆ ತಿಂಗಳಿಗೆ 65,000 ನೈರಾ ಭತ್ಯೆ, ತರಬೇತಿ. ಅವರ ದಾಳಿಗಳು ತಗ್ಗಿ ತೈಲ ಕೊಳವೆಗಳು ಉಳಿದವು. ಬಂದೂಕು ಹಿಡಿಯದೆ ಬಡತನವನ್ನು ಸಹಿಸಿದ ನೆರೆಮನೆಯ ಹುಡುಗನಿಗೆ ಏನೂ ಸಿಗದಿದ್ದದ್ದು ಮಾತ್ರ ನೋವಿನ ಸಂಗತಿ.

ಇವೆಲ್ಲವುಗಳ ನಡುವೆ ಬೇರೆಯಾಗಿ ನಿಲ್ಲುವುದು 2011ರ ‘ಯೂವಿನ್’. ಗುಡ್‌ಲಕ್ ಜೊನಾಥನ್ ಅಧ್ಯಕ್ಷರಾಗಿದ್ದಾಗ ಆರಂಭವಾದ ಈ ಉದ್ಯಮ ಯೋಜನೆಗಳ ಸ್ಪರ್ಧೆಗೆ ಮೊದಲ ಸುತ್ತಿನಲ್ಲಿ ಸುಮಾರು 24,000 ಅರ್ಜಿಗಳು ಬಂದವು. ಗೆದ್ದವರು 1,200, ಪ್ರತಿಯೊಬ್ಬರಿಗೂ ಸರಾಸರಿ 50,000 ಡಾಲರ್, ಅದೂ ಕೆಲಸದ ಪ್ರಗತಿ ನೋಡಿ ಕಂತುಗಳಲ್ಲಿ. ವಿಜೇತರಲ್ಲಿ ಒಂದು ಭಾಗವನ್ನು ಲಾಟರಿಯಿಂದ ಆರಿಸಿದ್ದರಿಂದ, ಹಣ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ನೋಡಲು ಸಾಧ್ಯವಾಯಿತು. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ ನಡೆಸಿದ ಅಧ್ಯಯನದ ಪ್ರಕಾರ, ಮೂರು ವರ್ಷಗಳ ನಂತರವೂ ಹಣ ಸಿಕ್ಕವರ ಉದ್ಯಮಗಳು ಹೆಚ್ಚಾಗಿ ಉಳಿದುಕೊಂಡಿದ್ದವು. ಹತ್ತಕ್ಕಿಂತ ಹೆಚ್ಚು ನೌಕರರನ್ನು ಇಟ್ಟುಕೊಂಡವೂ ಅವುಗಳಲ್ಲೇ ಹೆಚ್ಚು. ಆದರೂ ಸರ್ಕಾರ ಬದಲಾದ ಮೇಲೆ ಯೋಜನೆ ಹಳೆಯ ರೂಪದಲ್ಲಿ ಮುಂದುವರಿಯಲಿಲ್ಲ.

ಕೆಲಸದ ಹಸಿವು ಎಷ್ಟಿತ್ತೆಂಬುದು 2014ರ ಮಾರ್ಚ್ 15ರಂದು ಬಯಲಾಯಿತು. ವಲಸೆ ಇಲಾಖೆಯ 5,000ಕ್ಕೂ ಕಡಿಮೆ ಹುದ್ದೆಗಳಿಗೆ ಐದು ಲಕ್ಷಕ್ಕೂ ಹೆಚ್ಚು ಮಂದಿ ತಲಾ 1,000 ನೈರಾ ಶುಲ್ಕ ಕಟ್ಟಿದ್ದರು. ಅಬುಜಾ, ಪೋರ್ಟ್ ಹಾರ್ಕೋರ್ಟ್ ಮುಂತಾದೆಡೆ ಕ್ರೀಡಾಂಗಣಗಳಲ್ಲಿ ಪರೀಕ್ಷೆ. ನೂಕುನುಗ್ಗಲಿನಲ್ಲಿ ಕನಿಷ್ಠ ಹದಿನೈದು ಜನ ಸತ್ತರು, ಗರ್ಭಿಣಿಯರೂ ಅವರಲ್ಲಿದ್ದರು. ಪದವಿ ಪತ್ರ ಹಿಡಿದು ಹೊರಟ ಮಕ್ಕಳು ಮನೆಗೆ ಮರಳದ ಆ ದಿನವನ್ನು ನೈಜೀರಿಯ ಮರೆಯಬಾರದು.

ಬುಹಾರಿ ಚುನಾಯಿತ ಅಧ್ಯಕ್ಷರಾಗಿ ಬಂದ ಮೇಲೆ 2016ರಲ್ಲಿ ‘ಎನ್-ಪವರ್’ ಆರಂಭವಾಯಿತು. ಮೊದಲ ಎರಡು ತಂಡಗಳಲ್ಲಿ ಐದು ಲಕ್ಷ ಪದವೀಧರರು ಶಾಲೆ, ಆರೋಗ್ಯ ಕೇಂದ್ರ, ಕೃಷಿ ವಿಸ್ತರಣೆಯ ಕೆಲಸಗಳಿಗೆ ಸೇರಿದರು, ತಿಂಗಳಿಗೆ 30,000 ನೈರಾ. ಅವಧಿ ಮುಗಿದಾಗ ಬಹುಪಾಲು ಮಂದಿ ಹಿಂದೆ ಇದ್ದಲ್ಲಿಗೇ ಮರಳಿದರು. ಅವ್ಯವಹಾರದ ತನಿಖೆಗೆಂದು 2024ರ ಜನವರಿಯಲ್ಲಿ ಅಧ್ಯಕ್ಷ ಟಿನುಬು ಸರ್ಕಾರ ಎನ್-ಪವರ್ ಸೇರಿದ್ದ ಸಮೂಹದ ಯೋಜನೆಗಳನ್ನೆಲ್ಲ ತಡೆಹಿಡಿಯಿತು.

ಯುವಜನರು ಕೇಳಿದ್ದು ಭತ್ಯೆಯನ್ನಷ್ಟೇ ಅಲ್ಲ. ಅವರ ಸಂಘಟಿತ ಹೋರಾಟದಿಂದ 2018ರ ಮೇ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವ ಕನಿಷ್ಠ ವಯಸ್ಸನ್ನು 40ರಿಂದ 35ಕ್ಕೆ, ಪ್ರತಿನಿಧಿ ಸಭೆಯದನ್ನು 30ರಿಂದ 25ಕ್ಕೆ ಇಳಿಸಿತು. 2020ರ ಅಕ್ಟೋಬರ್‌ನಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಬೀದಿಗಿಳಿದವರೂ ಇದೇ ತಲೆಮಾರಿನವರು. ಆ ತಿಂಗಳ 20ರ ರಾತ್ರಿ ಲಾಗೋಸ್‌ನ ಲೆಕ್ಕಿ ಟೋಲ್ ಗೇಟಿನಲ್ಲಿ ಅವರ ಮೇಲೆ ಸೈನಿಕರು ಗುಂಡು ಹಾರಿಸಿದರು.

ಇತ್ತೀಚಿನ ಸ್ಥಿತಿ

ಒಂದು ಕಾಲಕ್ಕೆ ಉನ್ನತ ಕಾಲೇಜಿದ್ದ ಲಾಗೋಸ್‌ನ ಯಾಬಾ ಈಗ ಸಾಫ್ಟ್‌ವೇರ್ ಕಂಪನಿಗಳ ಬಡಾವಣೆ. ಇಬ್ಬರು ತರುಣರು 2015ರಲ್ಲಿ ಆರಂಭಿಸಿದ ಪೇಸ್ಟ್ಯಾಕ್ ಎಂಬ ಪಾವತಿ ಕಂಪನಿಯನ್ನು 2020ರಲ್ಲಿ ಅಮೆರಿಕದ ಸ್ಟ್ರೈಪ್ 20 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಕೊಂಡದ್ದು ಸಾವಿರಾರು ಹುಡುಗರಿಗೆ ಧೈರ್ಯ ಕೊಟ್ಟಿತು. ಮೂವತ್ತು ಲಕ್ಷ ಮಂದಿಗೆ ತಾಂತ್ರಿಕ ಕೌಶಲ ಕಲಿಸುವ ಯೋಜನೆಯನ್ನು ಸರ್ಕಾರ 2023ರಲ್ಲಿ ಆರಂಭಿಸಿತು. ಅದೇ ವರ್ಷ ನಿರುದ್ಯೋಗ ಎಣಿಸುವ ವಿಧಾನ ಬದಲಾಯಿತು: ವಾರಕ್ಕೆ ಒಂದು ಗಂಟೆ ದುಡಿದವನೂ ಉದ್ಯೋಗಿಯೇ ಆದದ್ದರಿಂದ, 2020ರ ಕೊನೆಯಲ್ಲಿ 33.3% ಇದ್ದ ಪ್ರಮಾಣ 2023ರ ಮೊದಲ ತ್ರೈಮಾಸಿಕಕ್ಕೆ 4.1% ಎಂದು ದಾಖಲಾಯಿತು. ಹಳೆಯ ಲೆಕ್ಕದಲ್ಲಿ 15ರಿಂದ 34 ವರ್ಷದವರ ನಿರುದ್ಯೋಗ 42.5% ಇತ್ತು. ಅಂಕಿ ಇಳಿದರೂ ದಾದಿಯರೂ ವೈದ್ಯರೂ ಬ್ರಿಟನ್ನಿಗೆ, ಕೆನಡಾಕ್ಕೆ ಹೊರಡುವುದು ನಿಂತಿಲ್ಲ. ಊರಲ್ಲೇ ಉಳಿದ ವೆಲ್ಡರ್, ದರ್ಜಿ, ಕ್ಷೌರಿಕರು ದಿನವೂ ಸೆಣಸುವುದು ವಿದ್ಯುತ್ತಿನೊಂದಿಗೆ. ಇಪ್ಪತ್ತು ಕೋಟಿ ಜನರ ದೇಶದ ವಿದ್ಯುತ್ ಜಾಲದಲ್ಲಿ ಸಾಮಾನ್ಯವಾಗಿ ಹರಿಯುವುದು 4,000ದಿಂದ 5,000 ಮೆಗಾವಾಟ್. ಆದ್ದರಿಂದ ಅಂಗಡಿ ತೆರೆಯುವ ಯುವಕನ ಮೊದಲ ಖರ್ಚು ಬಹಳ ಸಲ ಜನರೇಟರ್. ಅದಕ್ಕೆ ಸುರಿಯುವ ಪೆಟ್ರೋಲಿನ ಬೆಲೆ, 2023ರ ಮೇ ತಿಂಗಳಲ್ಲಿ ಸಬ್ಸಿಡಿ ರದ್ದಾದ ಮೇಲೆ, ಹಲವು ಪಟ್ಟು ಏರಿದೆ.