ಹದಿನೈದು ಮೀಟರಿನ ಕೆಳಗೆ

2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕೆಲವರು ಮೇಲಿನಿಂದಲೇ ಜಿಗಿದಿದ್ದರು. ಎರಡು ವರ್ಷದ ನಂತರ, 2012ರ ಫೆಬ್ರವರಿ 25ರ ನಸುಕಿನಲ್ಲಿ, ಶಿವಾಜಿನಗರದ ರಸೆಲ್ ಮಾರುಕಟ್ಟೆ ಹೊತ್ತಿಕೊಂಡಿತು. 1927ರಲ್ಲಿ ಕಟ್ಟಿದ ಆ ಮಾರುಕಟ್ಟೆಯಲ್ಲಿ ನೂರಕ್ಕೂ ಹೆಚ್ಚು ಮಳಿಗೆಗಳು ಬೂದಿಯಾದವು.

ಅಗ್ನಿಸುರಕ್ಷತೆಯ ಮಾತು ಬಂದಾಗ ಬೆಂಗಳೂರಿಗೆ ನೆನಪಾಗುವುದು ಮೊದಲನೆಯದು. ಸಾವು ಅದಕ್ಕೊಂದು ಕಾರಣ, ಅಳತೆಗೋಲು ಇನ್ನೊಂದು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದ ಕಟ್ಟಡ ಬಹುಮಹಡಿ. ಬಿಗಿ ನಿಯಮಗಳು ಅಲ್ಲಿಂದ ಶುರು. ಈ ಗೆರೆಗೆ ಅರ್ಥವಿದೆ. ಎತ್ತರ ಹೆಚ್ಚಿದಂತೆ ಏಣಿ ಎಟುಕುವುದಿಲ್ಲ, ಇಳಿಯುವ ದಾರಿ ಉದ್ದವಾಗುತ್ತದೆ.

ಮಾರುಕಟ್ಟೆಯ ಅಪಾಯವಾದರೋ ಅಡ್ಡಕ್ಕೆ ಬೆಳೆಯುವಂಥದ್ದು: ಒಂದಕ್ಕೊಂದು ಅಂಟಿದ ಮಳಿಗೆಗಳು, ಓಣಿಗೆ ಚಾಚಿದ ಸರಕು, ಮಾಡಿನ ಕೆಳಗೆ ಹೆಣೆದುಕೊಂಡ ವಿದ್ಯುತ್ ತಂತಿ. ಮಾರಾಟದ ಕಟ್ಟಡಗಳಿಗೂ ಹೊರದಾರಿ ಹೇಗಿರಬೇಕೆಂದು ಸಂಹಿತೆ ಹೇಳುತ್ತದೆ. ಆದರೆ ಎತ್ತರವನ್ನಷ್ಟೇ ನೋಡಿ ಹೊರಡುವ ತಪಾಸಣೆಯ ಕಣ್ಣಿಗೆ ಓಣಿಯ ಅಗಲ ಬೀಳುವುದಿಲ್ಲ.

ರಸೆಲ್ ಮಾರುಕಟ್ಟೆ ಹೊತ್ತಿಕೊಂಡಾಗ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಅದೇ ಬೆಂಕಿ ರಂಜಾನ್ ತಿಂಗಳ ಸಂಜೆಯ ಜನಜಂಗುಳಿಯಲ್ಲಿ ಬಿದ್ದಿದ್ದರೆ? ಅಂದು ಜನರನ್ನು ಕಾಪಾಡಿದ್ದು ನಿಯಮವಲ್ಲ, ಹೊತ್ತು.